ಬಸ್ಸಿನವರು ಮೊದಲು

ಕೆಟ್ಟ ಪದ್ಧತಿಯ ವಿರುದ್ಧ ಕೂಗಾಡುವುದು ಸುಲಭ. ಗಂಟಲು ಚೆನ್ನಾಗಿದ್ದರೆ ಸಾಕು, ಕೇಳುವವರು ತಾವಾಗಿಯೇ ತಲೆದೂಗುತ್ತಾರೆ. ಒಳ್ಳೆಯ ಪದ್ಧತಿಯ ವಿರುದ್ಧ ಕೂಗಾಡಬೇಕಾಗಿ ಬಂದವರ ಪಾಡು ಮಾತ್ರ ಶತ್ರುವಿಗೂ ಬೇಡ. ಕರೆದು ಕೂರಿಸಿ, ಎಲೆ ಹಾಕಿ, ಕೈಯಾರೆ ಬಡಿಸಿದವರ ಮುಂದೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವಷ್ಟೇ ಕಷ್ಟ ಅದು. ಹಾಗೆ ನೋಡಿದರೆ ಜಗಳ ನನಗೆ ಹೊಸದಲ್ಲ. ಹಾಸ್ಟೆಲ್ಲಿನ ನೀರಿಗಾಗಿ, ಪರೀಕ್ಷೆಯ ಅಂಕಗಳಿಗಾಗಿ, ಗ್ರಂಥಾಲಯದಲ್ಲಿ ಮಿಣಕುತ್ತಿದ್ದ ದೀಪಕ್ಕಾಗಿ ನಾನು ಮಾಡಿದ ಜಗಳಗಳನ್ನು ನನ್ನ ಕಾಲೇಜಿನವರು ಇನ್ನೂ ನೆನೆಯುತ್ತಾರೆ, ಪ್ರೀತಿಯಿಂದಲ್ಲ. ಶಸ್ತ್ರಚಿಕಿತ್ಸೆಯ ಸೀಟು ಸಿಕ್ಕಿದೆ ಎಂದು ಫೋನು ಮಾಡಿದಾಗ ಅಮ್ಮ ಹೇಳಿದ್ದು ಇಷ್ಟೇ: "ಸರಿಯಾಗೇ ಸಿಕ್ಕಿದೆ ಬಿಡು ಮಾರಾಯ್ತಿ. ಇಷ್ಟು ದಿನ ಬಾಯಲ್ಲೇ ಕೊಯ್ತಿದ್ದೆ, ಈಗ ಕೈಗೆ ಕತ್ತಿ ಕೊಡ್ತಿದಾರೆ." ಇಂಥ ನಾನು, ಜಗತ್ತಿನ ಅತ್ಯಂತ ಕರುಣಾಮಯವಾದ ಪದ್ಧತಿಯೊಂದರ ಎದುರು ನಿಂತು, ಯಾರ ಮೇಲೆ ಕೂಗಬೇಕೆಂದು ತಿಳಿಯದೆ ತಬ್ಬಿಬ್ಬಾದ ಕಥೆ ಇದು.

ನಮ್ಮ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ಕಡೆಯ ಬಸ್ಸುಗಳು ಬಂದು ನಿಲ್ಲುವ ಊರಿನಲ್ಲಿ ಅದಿದೆ ಎಂದರೆ ಸಾಕು. ಶಸ್ತ್ರಚಿಕಿತ್ಸೆ ಕಲಿಯಲು ಬಂದ ನಾವು ಮೂವರು ಪಿ.ಜಿ.ಗಳು, ನಮಗೆ ಕಲಿಸುವ ವಿಶ್ವನಾಥ ಸರ್, ಬಾಗಿಲಲ್ಲಿ ಅಟೆಂಡರ್ ಪುಟ್ಟಪ್ಪ. ಇಷ್ಟು ಜನ ಸೇರಿದರೆ ನಮ್ಮ ಹೊರರೋಗಿ ವಿಭಾಗ. ಬೇರೆ ಆಸ್ಪತ್ರೆಗಳಲ್ಲಿ ಬಾಗಿಲ ಬಳಿ ಟೋಕನ್ನಿನ ನಂಬರು ಕೂಗುತ್ತಾರೆ. ನಮ್ಮಲ್ಲಿ ಬಸ್ಸು ಕೂಗುತ್ತಾರೆ. "ಬ್ಯಾಕೋಡಿನವ್ರು ಯಾರ್ಯಾರಿದೀರಿ, ಮುಂದೆ ಬನ್ನಿ! ಹೊಸನಗರದವ್ರಿಗೆ ಇನ್ನೂ ಹೊತ್ತಿದೆ, ಕೂತ್ಕಳಿ. ಆಗುಂಬೆಯೋರೇ, ನಿಮ್ಮ ಬಸ್ಸು ದಾರೀಲಿ ಕೆಟ್ಟು ನಿಂತಿದೆಯಂತೆ, ಆರಾಮಾಗಿ ಊಟ ಮಾಡ್ಕಂಡು ಬನ್ನಿ." ಇದು ಪುಟ್ಟಪ್ಪನ ಕಂಠ. ಯಾರ ಬಸ್ಸು ಮೊದಲು ಹೊರಡುತ್ತದೋ ಅವರಿಗೆ ಮೊದಲು ವೈದ್ಯರು. ಬ್ಯಾಕೋಡಿನಂಥ ಹಿನ್ನೀರಿನ ಆಚೆಯ ಊರಿನವರು ದಾಟಿಸುವ ಲಾಂಚಿನ ಕೊನೆಯ ಸರದಿಗೆ ಮುಟ್ಟದಿದ್ದರೆ ರಾತ್ರಿಯನ್ನು ಈಚೆ ದಡದಲ್ಲೇ ಕಳೆಯಬೇಕಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಈ ಏರ್ಪಾಡು ಮಾಡಿದರಂತೆ. ಈಗ ಸೇತುವೆಯಾಗಿದೆ. ಲಾಂಚು ಹೋಯಿತು, ಏರ್ಪಾಡು ಉಳಿಯಿತು. ಬಂದ ಹೊಸತರಲ್ಲಿ ಇದನ್ನು ಕಂಡು ನಾನು ಕರಗಿಹೋಗಿದ್ದೆ. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯರಿಗೆಲ್ಲ ಫೋನು ಮಾಡಿ, ಮಾನವೀಯತೆ ಎಂದರೇನೆಂದು ನೋಡಬೇಕಾದರೆ ನಮ್ಮಲ್ಲಿಗೆ ಬನ್ನಿ ಎಂದು ಉಪನ್ಯಾಸ ಕೊಟ್ಟಿದ್ದೆ.

ಇನ್ನು ವಿಶ್ವನಾಥ ಸರ್. ಅವರು ನಮಗೆ ಕಲಿಸುವುದು ಒಂದೇ ಒಂದು ಪ್ರಶ್ನೆಯನ್ನು. ರೋಗಿಯನ್ನು ನೋಡಿ ನಾವು ನಮ್ಮ ಪಾಂಡಿತ್ಯವನ್ನೆಲ್ಲ ಒಟ್ಟುಗೂಡಿಸಿ "ಅಪೆಂಡಿಕ್ಸ್ ಸರ್" ಎನ್ನುತ್ತೇವೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ "ಆಯ್ತು. ಮತ್ತೆಂತ ಆಗಿರ್ಬೋದು?" ಎನ್ನುತ್ತಾರೆ. ಇನ್ನೊಂದು ಹೇಳಿದರೆ, "ಮತ್ತೆಂತ?" ಮೂರನೆಯದಕ್ಕೂ ಅದೇ. ನಮ್ಮ ಬಳಿ ಇರುವುದೆಲ್ಲ ಮುಗಿದು ಬೆವರು ಶುರುವಾದ ಮೇಲೆ, "ಹಾಂ, ಈಗ ರೋಗಿ ಹತ್ರ ಹೋಗಿ ಮೊದ್ಲಿಂದ ಕೇಳು" ಎನ್ನುತ್ತಾರೆ. ಕತ್ತಿ ಹಿಡಿಯುವುದನ್ನು ಆಪರೇಷನ್ ಥಿಯೇಟರಿನಲ್ಲಿ ಯಾರು ಬೇಕಾದರೂ ಕಲಿಸುತ್ತಾರೆ, ಯಾವಾಗ ಹಿಡಿಯಬೇಕು, ಯಾವಾಗ ಹಿಡಿಯಬಾರದು ಎಂಬುದನ್ನು ಕಲಿಯುವ ಜಾಗ ಹೊರರೋಗಿ ವಿಭಾಗದ ಈ ಕಾಲು ಮುರಿದ ಮೇಜಿನ ಮುಂದೆ ಎಂಬುದು ಅವರ ಸಿದ್ಧಾಂತ. ಅಭ್ಯಾಸಬಲ ಎಷ್ಟೆಂದರೆ, ನನ್ನ ಸಹಪಾಠಿಯೊಬ್ಬ ತನ್ನ ಮದುವೆ ನಿಶ್ಚಯವಾದ ಸುದ್ದಿ ಹೇಳಲು ಹೋದಾಗಲೂ, ಹುಡುಗಿ ಒಳ್ಳೆಯವಳು ಎಂದದ್ದಕ್ಕೆ ಸರ್ ಅನ್ಯಮನಸ್ಕರಾಗಿ "ಮತ್ತೆಂತ ಆಗಿರ್ಬೋದು?" ಎಂದುಬಿಟ್ಟರು. ಆತ ಎರಡು ದಿನ ಊಟ ಬಿಟ್ಟಿದ್ದ.

ಆದರೆ ಈ ಪ್ರಶ್ನೆಗೆ ಒಂದು ದೋಷವಿದೆ: ಅದಕ್ಕೆ ಹೊತ್ತು ಬೇಕು. ಬಸ್ಸಿಗೆ ಹೊತ್ತಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಪುಟ್ಟಪ್ಪ ಬಸ್ಸಿನ ಮೇಲೆ ಬಸ್ಸು ಕೂಗುತ್ತಾ ಜನರನ್ನು ಒಳಗೆ ನೂಕುವನು. ನಾವು ತಲೆಯೆತ್ತದೆ ಬರೆಯುವೆವು. ಬಸ್ಸಿನವರೆಲ್ಲ ಖಾಲಿಯಾದ ಮೇಲೆ ಸರ್ ಬಂದು ಕೂತು ಪಾಠ ಶುರು ಮಾಡುವರು. ಆಗ ಉಳಿದಿರುತ್ತಿದ್ದವರು ಯಾರು? ಸ್ವಂತ ವಾಹನವಿದ್ದವರು. ಇಡೀ ವಿಭಾಗಕ್ಕೆ ಪರದೆಯಿರುವ ಪರೀಕ್ಷೆಯ ಮಂಚ ಒಂದೇ. ಅದರ ಮೇಲೆ ಮೊದಲೇ ಯಾರೋ ಒಬ್ಬರು ಪಾಠದ ಕೇಸಾಗಿ ಮಲಗಿ ಸರ್ ಬರುವುದನ್ನೇ ಕಾಯುತ್ತಿರುತ್ತಿದ್ದರು. ಒಮ್ಮೆ ಪಾದದಲ್ಲಿ ಆಣಿ ಎದ್ದಿದೆಯೆಂದು ಬಂದ ರಬ್ಬರ್ ವ್ಯಾಪಾರಿಯೊಬ್ಬರನ್ನು ನಾವು ಮೂವರೂ ಸೇರಿ ಅಂಗಾಲಿನಿಂದ ತೊಡೆಯ ಸಂದಿನವರೆಗೆ ತಟ್ಟಿ, ಮುಟ್ಟಿ, ನಾಡಿ ಹಿಡಿದು, ಆಣಿಯಲ್ಲದೆ ಅದು ಮತ್ತೇನೇನು ಆಗಿರಬಹುದೆಂದು ಸುದೀರ್ಘವಾಗಿ ಚರ್ಚಿಸಿದೆವು. ಅದು ಆಣಿಯೇ ಆಗಿತ್ತು. ಅವರಿಗೆ ಪರಮಾನಂದವಾಗಿ, ಮುಂದಿನ ವಾರ ಏನೂ ಆಗದಿದ್ದ ತಮ್ಮನನ್ನೂ ಕಾರಿನಲ್ಲಿ ಕರೆತಂದರು. ಹೀಗೆ ನಮ್ಮಲ್ಲಿ, ಯಾರೂ ಕೂತು ತೀರ್ಮಾನಿಸದೆ, ಯಾರೂ ಸಹಿ ಹಾಕದೆ, ಒಂದು ಕಾನೂನು ಜಾರಿಯಾಗಿತ್ತು: ಬಸ್ಸಿನವರಿಗೆ ಮಾತ್ರೆ, ಕಾರಿನವರಿಗೆ ವಿಚಾರ. ಯಾರೂ ಕೆಟ್ಟವರಲ್ಲ. ಎಲ್ಲರೂ ಬಡವರ ಅನುಕೂಲವನ್ನೇ ನೋಡುತ್ತಿದ್ದರು.

ಸರೋಜಮ್ಮ ಬ್ಯಾಕೋಡಿನ ಬಸ್ಸಿನವರು. ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಮುಖದಲ್ಲಿ ಸದಾ, ಒಲೆಯ ಮೇಲೆ ಏನೋ ಬಿಟ್ಟು ಬಂದವರ ಅವಸರ. ಮೊದಲ ಸಲ ಬಂದಾಗ ನನ್ನ ಸಹಪಾಠಿ ಪೆನ್ನು ಹಿಡಿದೇ ಕೇಳಿದ, "ಏನಮ್ಮಾ ತೊಂದ್ರೆ?" ಮಲದಲ್ಲಿ ರಕ್ತ ಹೋಗುತ್ತದೆ ಎಂದು ಅವರು ಮೆಲ್ಲಗೆ ಹೇಳಿ, "ಮೂಲವ್ಯಾಧಿ ಇರ್ಬೇಕು ಅಂದ್ರು ಪಕ್ಕದ ಮನೆಯೋರು" ಎಂದು ಸೇರಿಸಿದರು. ಪಕ್ಕದ ಮನೆಯವರ ಅಭಿಪ್ರಾಯವನ್ನು ಆತ ಗೌರವಿಸಿದ. ಬೆರಳು ಹಾಕಿ ಪರೀಕ್ಷಿಸಬೇಕು, ಅದು ನಿಯಮ. ಅದಕ್ಕೆ ಮಂಚ ಬೇಕು, ಪರದೆ ಬೇಕು, ಜೊತೆಗೊಬ್ಬ ನರ್ಸ್ ಬೇಕು, ನಾಚಿಕೆಯಿಂದ ಮುದುಡಿದ ಹೆಂಗಸಿಗೆ ಧೈರ್ಯ ಹೇಳುವ ಪುರುಸೊತ್ತು ಬೇಕು. ಮಂಚದ ಮೇಲೆ ಬೇರೆ ಯಾರೋ ಇದ್ದರು, ಹೊರಗೆ ಬ್ಯಾಕೋಡಿನ ಬಸ್ಸಿತ್ತು. ಮುಲಾಮು ಬರೆದಾಯಿತು. ಎರಡನೆಯ ಸಲ ಇನ್ನೊಬ್ಬ ಅದನ್ನೇ ಮುಂದುವರಿಸಿದ. ಮೂರನೆಯ ಸಲ ಮುಂದುವರಿಸಿದವಳು ನಾನು. "ಕಡಿಮೆ ಆಗಿದೆಯಾ?" ಎಂದು ಕೇಳಿದ್ದೆ. "ಸ್ವಲ್ಪ ಕಡಿಮೆ ಅಂತ್ಲೇ ಹೇಳ್ಬೇಕು ಡಾಕ್ಟ್ರಮ್ಮ" ಎಂದಿದ್ದರು. ಈ ಸೀಮೆಯ ಜನಕ್ಕೆ, ನಿಮ್ಮ ಔಷಧಿ ನಾಟಲಿಲ್ಲವೆಂದು ವೈದ್ಯರ ಮುಖಕ್ಕೆ ಹೇಳಲು ಬಾಯಿ ಬರುವುದಿಲ್ಲ. ಕೊಟ್ಟವರ ಮನಸ್ಸು ನೋಯಬಾರದಲ್ಲ! ಹೀಗೆ ಅವರು ನಮ್ಮ ಮನಸ್ಸು ನೋಯದಂತೆ ನೋಡಿಕೊಂಡರು, ನಾವು ಅವರ ಬಸ್ಸು ತಪ್ಪದಂತೆ ನೋಡಿಕೊಂಡೆವು. ಈ ಪರಸ್ಪರ ಸೌಜನ್ಯದ ನಡುವೆ ಕಾಯಿಲೆಗೆ ಯಾವ ಅಡ್ಡಿಯೂ ಇರಲಿಲ್ಲ.

ಅವರ ನಾಲ್ಕನೆಯ ಭೇಟಿಯ ದಿನ ಪುಟ್ಟಪ್ಪ ನಂಟರ ಮದುವೆಗೆ ಹೋಗಿದ್ದ. ಬದಲಿಗೆ ಬಂದವನು ಹೊರಗಿನವನು. ಟೋಕನ್ನಿನ ನಂಬರಿಗೆ ತಕ್ಕಂತೆ ಕೂಗಿದ. ಎಂಥ ಅನಾಗರಿಕ ಎಂದು ನಾವೆಲ್ಲ ಗೊಣಗಿದೆವು. ಸರೋಜಮ್ಮನ ಸರದಿ ಬರುವುದರೊಳಗೆ ಬ್ಯಾಕೋಡಿನ ಬಸ್ಸು ಹೋಗಿತ್ತು. ಮುಂದಿನದಕ್ಕೆ ಬಹಳ ಹೊತ್ತಿತ್ತು. ಅವರು ಬೆಂಚಿನ ತುದಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸರ್ ಪಾಠಕ್ಕೆ ಬಂದರು. ಅಂದು ಕಾರಿನವರು ಯಾರೂ ಇರಲಿಲ್ಲ, ಮಂಚ ಖಾಲಿಯಿತ್ತು. "ಕೇಸ್ ಯಾರಿದಾರೆ?" ಎಂದರು. "ಪಾಠಕ್ಕಾಗುವಂಥದ್ದು ಏನೂ ಇಲ್ಲ ಸರ್, ಒಂದು ಮೂಲವ್ಯಾಧಿ ಇದೆ ಅಷ್ಟೆ" ಎಂದೆ. "ಇರ್ಲಿ, ಅದನ್ನೇ ಕರಿ" ಎಂದರು.

ಸರ್ ಸರೋಜಮ್ಮನಿಗೆ ಕುರ್ಚಿ ಹಾಕಿಸಿ ಕೇಳಿದರು, "ಏನಮ್ಮಾ ಕಾಯಿಲೆ?"

"ಮೂಲವ್ಯಾಧಿ."

"ಯಾರು ಹೇಳಿದ್ದು?"

ಸರೋಜಮ್ಮ ನಮ್ಮ ಮೂವರ ಮುಖ ನೋಡಿದರು. "ನೀವೇ ಅಲ್ವಾ ಸ್ವಾಮಿ ಹೇಳಿದ್ದು!"

ಸರ್ ನನ್ನತ್ತ ತಿರುಗಿದರು. "ನಿಂಗೆ ಯಾರು ಹೇಳಿದ್ದು?"

"ಅವರೇ ಸರ್."

ಸರ್ ನಗಲಿಲ್ಲ. "ಅವ್ರಿಗೆ ನೀನು, ನಿಂಗೆ ಅವ್ರು. ಚೆನ್ನಾಗಿದೆ. ಮೊದ್ಲಿಂದ ಕೇಳು" ಎಂದರು. ನಾನು ಕೇಳತೊಡಗಿದೆ. ರಕ್ತ ಎಂದಿನಿಂದ, ಎಷ್ಟು, ನೋವಿದೆಯೇ, ಇತ್ಯಾದಿ. ಎಲ್ಲಕ್ಕೂ ಸರೋಜಮ್ಮ ನನ್ನ ಮುಖ ನೋಡಿ, ನನಗೆ ಯಾವ ಉತ್ತರ ಇಷ್ಟವೋ ಅದನ್ನೇ ಕೊಟ್ಟರು. ಕೇಳಲು ಏನೂ ಉಳಿಯದೆ, ಸರ್ ಕನ್ನಡಕ ಒರೆಸುವುದನ್ನು ನಿಲ್ಲಿಸುವ ಲಕ್ಷಣವೂ ಕಾಣದೆ, ಮಾತಿಗೆ ಮಾತು ಎಂಬಂತೆ, "ಬಸ್ಸು ತಪ್ಪಿತಲ್ಲಮ್ಮ ಇವತ್ತು" ಎಂದೆ.

"ಹೌದು ಡಾಕ್ಟ್ರಮ್ಮ. ಮೊದ್ಲಾದ್ರೆ ಹೊತ್ತಾರೆ ಮೊದ್ಲ ಬಸ್ಸಿಗೇ ಬಂದುಬಿಡ್ತಿದ್ದೆ. ಈಗ ಅದಕ್ಕೆ ಹೊರಡಕ್ಕೇ ಆಗದಿಲ್ಲ."

"ಯಾಕೆ?"

ಅವರು ಸರ್ ಕಡೆ ನೋಡಿ, ದನಿ ತಗ್ಗಿಸಿದರು. "ಎದ್ದ ಕೂಡ್ಲೇ ಮೂರ್ನಾಲ್ಕು ಸಲ ಹೋಗ್ಬೇಕು. ಹೋಗಿ ಬಂದ್ರೂ ಹೋಗೇ ಇಲ್ಲ ಅನ್ನಂಗೆ ಆಗ್ತದೆ. ಬಸ್ಸಲ್ಲಿ ಕೂತ ಮೇಲೆ ಬಂದ್ರೆ ಎಂತ ಮಾಡದು, ಹೇಳಿ? ಅದಕ್ಕೇ ಎಲ್ಲ ಮುಗಿಸ್ಕಂಡು ಎರಡನೇ ಬಸ್ಸಿಗೆ ಬರದು. ಸೀರೆ ಎಲ್ಲ ಸಡ್ಲ ಆಗ್ಬಿಟ್ಟಿದೆ ಈಗ. ಶಾಲೆ ಮಕ್ಳು, ಅಜ್ಜಿ ಸಣ್ಣ ಆಗಿದಾರೆ ಅಂತ ನಗಾಡ್ತಾವೆ."

ಮಲ ಹೋಗುವ ಕ್ರಮ ಬದಲಾಗಿದೆ. ಹೋದರೂ ಹೋದಂತೆನಿಸುವುದಿಲ್ಲ. ತೂಕ ಇಳಿದಿದೆ. ಪಠ್ಯಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿರುವ ಮೂರು ಸಾಲುಗಳನ್ನು ಆ ಹೆಂಗಸು ಬಸ್ಸಿನ ಭಾಷೆಯಲ್ಲಿ ಹೇಳಿದ್ದರು. ಅವರು ಮೊದಲ ಬಸ್ಸು ಬಿಟ್ಟು ಎರಡನೆಯದಕ್ಕೆ ಬರತೊಡಗಿದ್ದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ಬಗ್ಗೆ ನಮ್ಮಷ್ಟು ತಿಳಿದ ವೈದ್ಯರು ರಾಜ್ಯದಲ್ಲೇ ಇರಲಾರರು. ಏಕೆ ಎರಡನೆಯದು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

"ಮತ್ತೆಂತ ಆಗಿರ್ಬೋದು?" ಎಂದರು ಸರ್, ಬಹಳ ಮೆಲ್ಲಗೆ. ನಾನು ನರ್ಸನ್ನು ಕರೆದು, ಪರದೆ ಎಳೆದು, ಗ್ಲೌಸು ಹಾಕಿಕೊಂಡೆ. ಕೈಬೆರಳಿನ ತುದಿಗೆ ಒರಟಾದ, ಗಟ್ಟಿಯಾದ ಒಂದು ಅಂಚು ತಾಗಿತು. ಅದು ಮೂಲವ್ಯಾಧಿಯಲ್ಲ. ಮೊದಲ ಭೇಟಿಯಿಂದಲೂ ಆ ಕಾಯಿಲೆ ನಮ್ಮಿಂದ ಒಂದು ಬೆರಳಿನಷ್ಟೇ ದೂರದಲ್ಲಿತ್ತು. ಸರೋಜಮ್ಮ ಸೀರೆ ಸರಿಪಡಿಸಿಕೊಳ್ಳುತ್ತಾ ಪರದೆಯ ಒಳಗಿಂದಲೇ ಕೇಳಿದರು, "ಮುಲಾಮು ಅದೇನಾ ಡಾಕ್ಟ್ರಮ್ಮ, ಬೇರೆ ಬರೀತೀರಾ?"

ಅದು ಗುದನಾಳದ ಕ್ಯಾನ್ಸರ್, ಆಗಲೇ ಯಕೃತ್ತಿಗೆ ಹಬ್ಬಿತ್ತು. ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಅವರನ್ನು ಕಳಿಸಿದೆವು. ಅಲ್ಲಿ ಮಲ ಹೊರಹೋಗಲು ಹೊಟ್ಟೆಯ ಮೇಲೊಂದು ದಾರಿ ಮಾಡಿ ಚೀಲ ಕಟ್ಟಿದರು, ಔಷಧಿ ಏರಿಸಿದರು. ಒಮ್ಮೆ ನಮ್ಮಲ್ಲಿಗೂ ಬಂದಿದ್ದರು. ಚೀಲ ಮುಚ್ಚಲು ಸೆರಗನ್ನು ಎರಡು ಸುತ್ತು ಸುತ್ತಿಕೊಂಡು, "ಈಗ ಮೊದ್ಲ ಬಸ್ಸಿಗೇ ಬರಬೋದು ನೋಡಿ" ಎಂದು ನಕ್ಕಿದ್ದರು. ನನಗೆ ನಗಲಾಗಲಿಲ್ಲ, ವೈದ್ಯರು ತಮಾಷೆ ಅರ್ಥವಾಗದವರೆಂದು ಅವರಿಗೆ ಬೇಸರವಾಗಿರಬೇಕು. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಬಿಸಿಯೂಟಕ್ಕೆ ಬೇರೆಯವರು ಬಂದಿದ್ದರು.

ತಿಂಗಳಿಗೊಮ್ಮೆ ನಮ್ಮಲ್ಲಿ ಸಾವುಗಳ ಪರಾಮರ್ಶೆಗೆ ಸಭೆ ಸೇರುತ್ತದೆ. ಗೋಡಂಬಿ ಹಾಕಿದ ಉಪ್ಪಿಟ್ಟು ಕೊಡುವ ಸಭೆ. ಸರೋಜಮ್ಮನ ಸರದಿ ಬಂದಾಗ ಆಡಳಿತದವರೊಬ್ಬರು, ಇಂಥ ಸಂದರ್ಭಕ್ಕೆಂದೇ ಸಿದ್ಧವಿರುವ ವಾಕ್ಯವನ್ನು ಹೇಳಿದರು: "ರೋಗಿ ತಡವಾಗಿ ಬಂದಿದ್ದಾರೆ." ಎಲ್ಲರೂ ತಲೆಯಾಡಿಸಿ ಮುಂದಿನ ಸಾವಿಗೆ ಹೊರಡುವುದರಲ್ಲಿದ್ದರು. ನಾನು ಎದ್ದು ನಿಂತೆ. ತಡವಾಗಿ ಬಂದವರು ಯಾರು? ಅವರು ಬರುತ್ತಲೇ ಇದ್ದರು. ನಮ್ಮ ಮೇಜಿನ ಮುಂದೆ ಬಂದು ಕೂತು, ನಾವು ಕೇಳಿದ್ದಕ್ಕೆಲ್ಲ ಹೌದೆಂದು, ಬರೆದುಕೊಟ್ಟದ್ದನ್ನು ಹಚ್ಚಿಕೊಂಡು, ಮತ್ತೆ ಬಂದಿದ್ದರು. ತಡವಾಗಿ ಬಂದದ್ದು ನಾವು, ನಮ್ಮದೇ ಆಸ್ಪತ್ರೆಗೆ. ಇಷ್ಟು ಜನರಿಗೆ ಒಂದೇ ಮಂಚ ಏಕೆ? ಕಾಲೇಜಿನ ಮಾನ್ಯತೆಗಾಗಿ ತಪಾಸಣೆಯ ತಂಡ ಬಂದ ದಿನ ವಾರ್ಡಿನಿಂದ ಇಳಿದು ಬಂದಿದ್ದ ಎರಡನೆಯ ಮಂಚ, ಹೊಸ ಹಸಿರು ಪರದೆಯ ಸಮೇತ, ತಂಡದ ಕಾರು ಗೇಟು ದಾಟುವ ಮೊದಲೇ ಮೇಲಕ್ಕೆ ಹೋಗಿದ್ದೇಕೆ? ನಾವು ಯೋಚಿಸಲು ಕಲಿಯುವುದು ಕಾರಿನವರ ಮೇಲೆ, ಯೋಚಿಸದಿರಲು ಕಲಿಯುವುದು ಬಸ್ಸಿನವರ ಮೇಲೆ. ಇದಕ್ಕೆ ಹೊಣೆ ಯಾರು, ಹೆಸರು ಹೇಳಿ ಎಂದೆ. ಆಡಳಿತದವರು, ಬಸ್ಸಿನ ವೇಳಾಪಟ್ಟಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಸಾರಿಗೆಯವರತ್ತ ಕೈ ತೋರಿದರು. ನನ್ನ ಸಹಪಾಠಿಗಳು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕಿದರು. ವಿಶ್ವನಾಥ ಸರ್ ಒಬ್ಬರೇ ಎದ್ದು, "ಪಾಠದ ಹೊತ್ತು ಗೊತ್ತು ಮಾಡಿದ್ದು ನಾನು. ಬರ್ಕೊಳ್ಳಿ" ಎಂದು ಕೂತರು. ಯಾರೂ ಬರೆದುಕೊಳ್ಳಲಿಲ್ಲ.

ಸಭೆಯಿಂದ ಹೊರಬಂದಾಗ ಪುಟ್ಟಪ್ಪ ಗೋಡೆಗೊರಗಿ ನಿಂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಅವನ ಮೇಲೂ ಒಂದಿಷ್ಟು ಕೂಗಬೇಕೆಂದೇ ನಾನು ಸಿದ್ಧವಾಗಿದ್ದೆ. ಅವನು ಕಣ್ಣೊರೆಸಿಕೊಂಡು, "ನಾನಿದ್ದಾಗ ಒಂದು ದಿನಾನೂ ಆ ಯಮ್ಮಂಗೆ ಬಸ್ಸು ತಪ್ಪಕ್ಕೆ ಬಿಟ್ಟಿಲ್ಲ ಮೇಡಂ" ಎಂದ. ಮದುವೆಗೆ ಹೋಗಿದ್ದಕ್ಕೇ ಹೀಗಾಯಿತೆಂದು ಅವನ ದುಃಖ. ಬಸ್ಸು ತಪ್ಪಿದ್ದರಿಂದಲೇ ಕಾಯಿಲೆ ಸಿಕ್ಕಿದ್ದು, ಇನ್ನೂ ಮೊದಲೇ ತಪ್ಪಿದ್ದರೆ ಬಹುಶಃ ಬದುಕುತ್ತಿದ್ದರು ಎಂದು ಅವನಿಗೆ ಹೇಗೆ ಹೇಳುವುದು? ನನ್ನ ಗಂಟಲು, ಹಾಸ್ಟೆಲ್ ವಾರ್ಡನ್ನುಗಳನ್ನೆಲ್ಲ ನಡುಗಿಸಿದ ಗಂಟಲು, ಅಂದು ಕೆಲಸ ಮಾಡಲಿಲ್ಲ. "ಹೌದು ಪುಟ್ಟಪ್ಪ, ನೀನು ಬಿಡ್ತಿರಲಿಲ್ಲ" ಎಂದಷ್ಟೇ ಹೇಳಿ ಬಂದೆ.

ಆದರೂ ಕೂಗಿದ್ದು ಪೂರ್ತಿ ವ್ಯರ್ಥವಾಗಲಿಲ್ಲ. ಎರಡನೆಯ ಮಂಚ ಮೇಲಿಂದ ಕೆಳಗೆ ಬಂದು ಕಾಯಂ ಆಯಿತು. ಸರ್ ಪಾಠದ ಹೊತ್ತನ್ನು ಬೆಳಗಿಗೆ ಬದಲಿಸಿದರು. ಈಗಲೂ ಬಸ್ಸಿನವರೇ ಮೊದಲು. ಆದರೆ ಮೊದಲು ಮಂಚಕ್ಕೆ, ಆಮೇಲೆ ಬಸ್ಸಿಗೆ. ಬಸ್ಸು ತಪ್ಪಿದವರಿಗೆ ಕೂರಲು ಜಾಗ, ಮಧ್ಯಾಹ್ನಕ್ಕೊಂದು ಊಟ. ಕಾರಿನವರು ಗಲಾಟೆ ಮಾಡಿದರು. ಆಣಿಯ ವ್ಯಾಪಾರಿ ಬೇರೆ ಆಸ್ಪತ್ರೆ ಹಿಡಿದರು. ನನ್ನ ಕೈಕೆಳಗೆ ಹೊಸ ಪಿ.ಜಿ.ಗಳು ಬಂದಿದ್ದಾರೆ. ಅವರ ಹಿಂದೆ ನಿಂತು, ಇಲ್ಲದ ಕನ್ನಡಕವನ್ನು ಒರೆಸುವ ಠೀವಿಯಲ್ಲಿ, "ಮತ್ತೆಂತ ಆಗಿರ್ಬೋದು?" ಎನ್ನುವವಳು ಈಗ ನಾನು. ಹೊಣೆಗಾರಿಕೆಯ ಕುರಿತು ಅವರಿಗೆ ನಾನು ಕೊಡುವ ಉಪನ್ಯಾಸ ಎಷ್ಟು ಚೆನ್ನಾಗಿದೆಯೆಂದರೆ, ಕೆಲವೊಮ್ಮೆ ನನಗೇ ರೋಮಾಂಚನವಾಗುತ್ತದೆ.

ಕಳೆದ ಶನಿವಾರ ಅಂಥದೊಂದು ಉಪನ್ಯಾಸ ತುಸು ಉದ್ದವಾಯಿತು. ತೀರ್ಥಹಳ್ಳಿಯಲ್ಲಿರುವ ಅಮ್ಮನನ್ನು ನೋಡಲು ನಾನು ಸಂಜೆಯ ಬಸ್ಸು ಹಿಡಿಯಬೇಕಿತ್ತು. ಕೊನೆಗೆ ಉಳಿದಿದ್ದವರು ತಿಮ್ಮಪ್ಪಗೌಡರೆಂಬ ಹಿರಿಯರು, ಅವರೂ ತೀರ್ಥಹಳ್ಳಿಯ ಕಡೆಯವರೇ. ಕುರ್ಚಿಯಲ್ಲಿ ಕೂತು, ಟವೆಲಿನಿಂದ ಮುಖ ಒರೆಸಿ, "ಈ ಹೊಟ್ಟೇಲಿ ಸ್ವಲ್ಪ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಪುಟ್ಟಪ್ಪ ತಲೆ ತೂರಿಸಿ, ಅದೇ ಹಳೆಯ ಕರುಣೆಯಿಂದ, "ಮೇಡಂ, ತೀರ್ಥಳ್ಳಿ ಬಸ್ಸಿಗೆ ಹೊತ್ತಾಯ್ತು. ಇವತ್ತು ನೀವೂ ಬಸ್ಸಿನವ್ರೇ ಅಲ್ವಾ?" ಎಂದ. ನಾನು ಚೀಲ ಹೆಗಲಿಗೇರಿಸುತ್ತಾ, "ಗ್ಯಾಸ್ಟ್ರಿಕ್‌ಗೆ ಮಾತ್ರೆ ಬರೆದುಕೊಡಿ" ಎಂದು ಕಿರಿಯ ಪಿ.ಜಿ.ಯೊಬ್ಬಳಿಗೆ ಹೇಳಿದೆ. ಅವಳು ಏನನ್ನೋ ಕೇಳಲು ಬಾಯಿ ತೆರೆದಳು. ಏನನ್ನೆಂದು ನನಗೆ ಗೊತ್ತಿತ್ತು, ಆದ್ದರಿಂದ ಇನ್ನೂ ಬೇಗ ಓಡಿದೆ.

ಬಸ್ಸು ಹೋಗಿತ್ತು. ಏದುಸಿರು ಬಿಡುತ್ತಾ ನಿಲ್ದಾಣದ ಬೆಂಚಿನ ಮೇಲೆ ಕುಸಿದು ಕೂತೆ. ಸ್ವಲ್ಪ ಹೊತ್ತಿಗೆ ಮಾತ್ರೆಯ ಕವರು ಹಿಡಿದು, ಕಾಲೆಳೆಯುತ್ತಾ ತಿಮ್ಮಪ್ಪಗೌಡರೂ ಬಂದರು. ಖಾಲಿ ರಸ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಟವೆಲು ಹಾಸಿ ಪಕ್ಕದಲ್ಲೇ ಕೂತರು.

"ನಿಮ್ದೂ ತಪ್ತಾ ಡಾಕ್ಟ್ರಮ್ಮ?"

"ತಪ್ಪಿತು ಗೌಡ್ರೇ."

"ಮುಂದಿನ ಬಸ್ಸಿಗೆ ಬೇಕಾದಷ್ಟು ಹೊತ್ತಿದೆ" ಎಂದು ಅವರು ಕವರನ್ನು ತೊಡೆಯ ಮೇಲಿಟ್ಟು ಒಮ್ಮೆ ಸವರಿದರು. "ಈಗ ಪುರ್ಸೊತ್ತಾಯ್ತಲ್ಲ ನಿಮಗೆ. ಹಂಗಾದ್ರೆ ಕೇಳಿ. ಹೊಟ್ಟೆ ವಿಷ್ಯ ಸುಮ್ನೆ ಮಾತು ಶುರು ಮಾಡಕ್ಕೆ ಹೇಳಿದ್ದು. ನಾ ಆಸ್ಪತ್ರೆಗೆ ಬಂದಿದ್ದು ಬೇರೆ ತೊಂದ್ರೆಗೆ."